ಕೆಮ್ಮಣ್ಣು ಹಚ್ಚಿದ ಹಾಗೆ

ಸತ್ತ ತೊಗರಿ ಗಿಡವೊಂದನ್ನು ಟವೆಲಿನಲ್ಲಿ ಸುತ್ತಿ, ಬೇರಿನ ಮಣ್ಣು ಉದುರದಂತೆ ತೊಡೆಯ ಮೇಲೆ ಮಲಗಿಸಿಕೊಂಡು, ದೇವದುರ್ಗದಿಂದ ರಾಯಚೂರಿನ ತನಕ ಬಸ್ಸಿನಲ್ಲಿ ಬಂದಿದ್ದರು ಆ ಹೆಂಗಸು. ಅರವತ್ತು ದಾಟಿದ ವಯಸ್ಸು. ನಮ್ಮ ಕೃಷಿ ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರೇ, ನಾನು ಆಗಷ್ಟೇ ಸ್ಪಿರಿಟ್ ಹಾಕಿ ಒರೆಸಿದ್ದ ಮೇಜಿನ ಮೇಲೆ ಗಿಡವನ್ನಿಟ್ಟು ಟವೆಲು ಬಿಚ್ಚಿದರು. ಇದ್ದಬದ್ದ ಮಣ್ಣೆಲ್ಲ ಮೇಜಿನ ಮೇಲೆ ಹರಡಿತು.

"ಇದು ಯಾಕ ಸತ್ತದ ಹೇಳ್ರಿ ಮೇಡಂ. ಹಸಿ ಕಮ್ಮಿ ಇಲ್ಲ, ಹುಳ ಹತ್ತಿಲ್ಲ. ಮೊನ್ನಿ ತನಕ ಹೂವು ಬಿಟ್ಟು ನಿಂತಿತ್ತು."

"ಯವ್ವಾ, ಈಗಷ್ಟ ಮೇಜು ಒರಿಸೀನ್ರಿ," ಅಂದೆ. ನನ್ನ ನಾಲಿಗೆಯೇ ಹಾಗೆ, ಮೊದಲು ಮಾತು, ಆಮೇಲೆ ವಿಚಾರ.

"ಮಣ್ಣಿನ ರೋಗ ನೋಡಾವ್ರು ಮಣ್ಣಿಗೆ ಹೇಸಿದ್ರ ಹ್ಯಾಂಗ?" ಅಂದರು ಅವರು.

ಮಣ್ಣನ್ನು ಬದಿಗೆ ಸರಿಸಿದೆ. ಬ್ಲೇಡು ತೆಗೆದುಕೊಂಡು ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿದೆ. ಒಳಗೆ ತೊಗಟೆಯ ಕೆಳಗೆ ಕಪ್ಪು ಕಂದು ಗೆರೆಗಳು ಮೇಲಿನ ತನಕ ಏರಿದ್ದವು. ಸೊರಗು ರೋಗ. ನಮ್ಮ ಕಡೆ ನೆಟೆ ರೋಗ ಅನ್ನುತ್ತಾರೆ. ಮಣ್ಣಿನಲ್ಲಿರುವ ಒಂದು ಬೂಷ್ಟು ಬೇರಿನೊಳಗೆ ಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಹಸಿ ಇರುವ ಹೊಲದಲ್ಲೇ ಗಿಡ ಬಾಯಾರಿ ಸಾಯುತ್ತದೆ. ಆ ಕೆಟ್ಟ ಬೂಷ್ಟನ್ನು ತಿನ್ನುವ ಒಳ್ಳೆಯ ಬೂಷ್ಟು ಬೆಳೆಸುವುದು ನನ್ನ ಕೆಲಸ. ಟ್ರೈಕೋಡರ್ಮಾ ಅಂತ ಅದರ ಹೆಸರು. ಅದನ್ನು ಬೆಳೆಸುವ ವಿಭಾಗದಲ್ಲಿ ನಾನು ಸಹಾಯಕಿ. ಬೆಳೆಸುವುದೂ ನಾನೇ, ಹಳ್ಳಿಗೆ ಹೋಗಿ ಹೇಳಿಕೊಡುವುದೂ ನಾನೇ.

ಅವರು ಸತ್ತ ಗಿಡದ ಬಗ್ಗೆ ತಿಳಿಯಲಷ್ಟೇ ಬಂದಿರಲಿಲ್ಲ. ಅಂಗಡಿಯ ಪ್ಯಾಕೆಟ್ ಬೀಜ ಬಿತ್ತಿದ ದೊಡ್ಡ ಹೊಲದಲ್ಲಿ ವರ್ಷ ವರ್ಷ ಹೀಗೆ ಗಿಡ ಸಾಯುತ್ತಿದ್ದವು. ಹಳ್ಳದ ಬದಿಯ ಸಣ್ಣ ತುಂಡಿನಲ್ಲಿ ಮಾತ್ರ ರೋಗವಿರಲಿಲ್ಲ. ಅಲ್ಲಿ ಅವರು ಜೋಳದ ಸಾಲುಗಳ ನಡುವೆ ತಮ್ಮ ಮನೆಯ ಬೀಜದ ತೊಗರಿಯನ್ನು ಬೆಳೆದುಕೊಂಡು ಬಂದಿದ್ದರು. ಮದುವೆಯಾಗಿ ಬರುವಾಗ ಅವರ ತಾಯಿ ಉಡಿಯಲ್ಲಿ ಕಟ್ಟಿ ಕಳಿಸಿದ ಬೀಜ ಅದು. ಆ ತುಂಡಿಗೆ ಮುಂದಿನ ವರ್ಷ ಮಗ ಮೆಣಸಿನಕಾಯಿ ಹಾಕುವವನಿದ್ದ.

"ಹಾಕಲಿ, ಅವನ ಸಂಸಾರ ಅವ ನೋಡ್ಕೋಬೇಕು. ಖರೇ ನನ್ನ ಬೀಜ ಈ ಸಾಯೋ ಹೊಲದಾಗ ಹೋಗ್ತದ. ಊರಾಗ ಬ್ಯಾರೆ ಯಾರ ಹತ್ರನೂ ಇಲ್ಲ ಈಗ. ಅದು ಬದುಕ್ತದೋ ಇಲ್ಲೋ ಅಷ್ಟ ಹೇಳ್ರಿ."

ಸೆರಗಿನ ಗಂಟು ಬಿಚ್ಚಿ ಕಾಳು ತೋರಿಸಿದರು. ಬಿಳಿ ಕಾಳು, ಮೊಳಕೆಯ ಕಣ್ಣಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ. ಅಂಥದನ್ನು ನಾನು ನೋಡಿರಲಿಲ್ಲ.

"ಬದುಕಸ್ತೀನ್ರಿ," ಅಂದೆ. ಯಾರೂ ಹಾಗೆ ಹೇಳಲು ನನಗೆ ಹೇಳಿರಲಿಲ್ಲ.

ಮರುವಾರ ಅವರ ಊರಿಗೆ ಹೋದೆ. ದೊಡ್ಡ ಹೊಲದಲ್ಲಿ ಒಣಗಿ ನಿಂತ ಗಿಡಗಳ ನಡುವೆ ಒಂದೇ ಒಂದು ಗಿಡ ಹಸಿರಾಗಿತ್ತು. ಸುತ್ತ ನಾಲ್ಕು ಮಾರು ಎಲ್ಲ ಸತ್ತಿರುವಾಗ ಒಂದು ಬದುಕಿದೆ ಅಂದರೆ ಅದರ ಬೇರಿನಲ್ಲಿ ಯಾರೋ ಕಾವಲಿದ್ದಾರೆ ಅಂತ ಲೆಕ್ಕ. ಆ ಬೇರಿಗೆ ಅಂಟಿದ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು, ನೀರಿನಲ್ಲಿ ಕಲಸಿ, ಆ ನೀರನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುವಾಗಿಸಿ, ಒಂದೊಂದು ಹನಿಯನ್ನು ಪೆಟ್ರಿ ತಟ್ಟೆಗಳ ಆಲೂಗಡ್ಡೆ ಮಾಧ್ಯಮದ ಮೇಲೆ ಹರಡಿದೆ. ಮೂರನೇ ದಿನ ಬಿಳಿ ಅರಳೆ ಕಾಣಿಸಿತು. ಐದನೇ ದಿನ ಒಂದು ತಟ್ಟೆಯಲ್ಲಿ ಆ ಅರಳೆ ಉಂಗುರ ಉಂಗುರವಾಗಿ ಹಸಿರಾಯಿತು, ಅದು ಟ್ರೈಕೋಡರ್ಮಾದ ಗುರುತು. ನಮ್ಮ ಬಳಿಯಿದ್ದ ಹಳೆಯ ತಳಿಗಿಂತ ಅದು ವೇಗವಾಗಿ ಹಬ್ಬುತ್ತಿತ್ತು.

ಒಂದು ತಟ್ಟೆಯ ಈ ಬದಿಗೆ ನೆಟೆ ರೋಗದ ಬೂಷ್ಟು, ಆ ಬದಿಗೆ ಇದು, ಹೀಗೆ ಎದುರುಬದುರು ಇಟ್ಟೆ. ವಾರದೊಳಗೆ ನಮ್ಮ ಹಸಿರು ಬೂಷ್ಟು ರೋಗದ ಬಿಳಿ ಬೂಷ್ಟಿನ ಮೇಲೆ ಹತ್ತಿ ಕೂತಿತ್ತು. ಆ ತಟ್ಟೆಯನ್ನು ಟೇಪು ಸುತ್ತಿ ದೇವದುರ್ಗಕ್ಕೆ ಒಯ್ದು ಅವರ ಕೈಯಲ್ಲಿಟ್ಟೆ. ಅಷ್ಟರಲ್ಲಿ ನಾನು ಅವರನ್ನು ದೊಡ್ಡವ್ವ ಅನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಅನ್ನುವುದು ಬಿಟ್ಟಿದ್ದರು.

"ನಮ್ಮ ಹೊಲದಾಗಿಂದೇನು ಇದು?"

"ನಿಮ್ಮ ಹೊಲದಾಗಿಂದರೀ. ನಾ ಬರೇ ಹುಡುಕಿ ತಂದೀನಿ."

"ಅಯ್ಯ, ಮನ್ಯಾಗ ಕಾವಲುಗಾರನ್ನ ಇಟ್ಕೊಂಡು ಊರಾಗ ಹುಡುಕಿದಂಗಾತಲ್ಲ," ಅಂತ ನಕ್ಕು ತಟ್ಟೆಯನ್ನು ಸೊಸೆಗೆ ತೋರಿಸಲು ಒಳಗೆ ಒಯ್ದರು. ಆ ದಿನ ನನ್ನಷ್ಟು ಸಂತೋಷದಲ್ಲಿದ್ದವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ.

ತಟ್ಟೆಯಲ್ಲಿ ಗೆದ್ದದ್ದನ್ನು ಹೊಲಕ್ಕೆ ಸಾಲುವಷ್ಟು ಬೆಳೆಸುವುದು ಬೇರೆಯೇ ಕೆಲಸ. ಜೋಳವನ್ನು ನೆನೆಸಿ, ಅರೆಬೇಯಿಸಿ, ನೀರು ಬಸಿದು, ಶಾಖ ತಾಳುವ ಚೀಲಗಳಿಗೆ ತುಂಬಿ, ಬಾಯಿಗೆ ಹತ್ತಿ ಗಿಡಿದು, ಆಟೋಕ್ಲೇವ್ ಅನ್ನುವ ದೊಡ್ಡ ಕುಕ್ಕರಿನಲ್ಲಿ ಒತ್ತಡದ ಹಬೆಗೆ ಇಡಬೇಕು. ಜೋಳದಲ್ಲಿದ್ದ ಬೇರೆ ಜೀವವೆಲ್ಲ ಸಾಯಬೇಕು. ಆರಿದ ಮೇಲೆ ಗಾಳಿಯ ಕ್ರಿಮಿ ಬೀಳದಂತೆ ಸ್ಪಿರಿಟ್ ದೀಪದ ಉರಿಯ ಬದಿಗೆ ಕೂತು ಒಂದೊಂದು ಚೀಲಕ್ಕೂ ಹಸಿರು ಬೂಷ್ಟಿನ ತುಣುಕು ಹಾಕಬೇಕು. ಹನ್ನೆರಡು ದಿನದಲ್ಲಿ ಜೋಳವೆಲ್ಲ ಹಸಿರಾಗುತ್ತದೆ. ಅದನ್ನು ನೆರಳಿನಲ್ಲಿ ಆರಿಸಿ, ಪುಡಿ ಮಾಡಿ, ಸೋಸಿ, ಟಾಲ್ಕ್ ಪುಡಿಯಲ್ಲಿ ಬೆರೆಸಿದರೆ ಪ್ಯಾಕೆಟ್ಟಿಗೆ ತಯಾರು.

ಬರುವ ಮುಂಗಾರಿಗೆ ದೊಡ್ಡವ್ವನ ದೊಡ್ಡ ಹೊಲದಲ್ಲಿ ಅವರ ಬೀಜವನ್ನೇ ಬಿತ್ತಿ ಊರಿಗೆ ತೋರಿಸುವ ಪ್ರಾತ್ಯಕ್ಷಿಕೆ ನಿಗದಿಯಾಗಿತ್ತು. ನನ್ನ ಲೆಕ್ಕ ಎರಡು ಕಡೆಯಿಂದ ಕಾವಲು ಹಾಕುವುದಾಗಿತ್ತು. ಬೀಜಕ್ಕೆ ಒಂದಿಷ್ಟು ಹಚ್ಚುವುದು, ತಿಪ್ಪೆಗೊಬ್ಬರದಲ್ಲಿ ಬೆಳೆಸಿ ಮಣ್ಣಿಗೆ ಹೆಚ್ಚು ಹಾಕುವುದು. ಗೊಬ್ಬರಕ್ಕೆ ಬೇಕಾದ ಚೀಲಗಳನ್ನು ಮೇ ತಿಂಗಳಲ್ಲಿ ಆಟೋಕ್ಲೇವಿಗೆ ಇಟ್ಟಾಗ ನಡುವೆಯೇ ಕರೆಂಟು ಹೋಯಿತು. ಮರಳಿ ಬಂದ ಮೇಲೆ ಮೊದಲಿನಿಂದ ಪೂರ್ತಿ ಹೊತ್ತು ಇಡಬೇಕು ಅನ್ನುವುದು ಮೊದಲ ದಿನವೇ ಕಲಿಸುವ ಪಾಠ. ಉಳಿದಷ್ಟು ನಿಮಿಷ ಇಟ್ಟರೆ ಸಾಕು ಅಂತ ನಾನು ಉಳಿದಷ್ಟೇ ಇಟ್ಟೆ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಆ ಯಂತ್ರದ ಪಕ್ಕ ಇನ್ನಷ್ಟು ಹೊತ್ತು ನಿಲ್ಲುವ ತಾಳ್ಮೆ ನನಗಿರಲಿಲ್ಲ. ಎಂಟನೇ ದಿನ ಅರ್ಧಕ್ಕಿಂತ ಹೆಚ್ಚು ಚೀಲಗಳಲ್ಲಿ ಕಪ್ಪು ಬೂಷ್ಟು ಎದ್ದಿತ್ತು. ಒಂದು ಚೀಲದ ಕಪ್ಪು ಕೋಣೆಗೆಲ್ಲ ಹರಡುತ್ತದೆ. ಎಲ್ಲವನ್ನೂ ಹಬೆಗೆ ಹಾಕಿ ಕೊಂದು ಗುಂಡಿ ತೋಡಿ ಹುಗಿದೆವು.

ಉಳಿದದ್ದು ಅದಕ್ಕೂ ಮೊದಲು ಮಾಡಿಟ್ಟಿದ್ದ ಸ್ವಲ್ಪ ಪುಡಿ. ಬೀಜೋಪಚಾರಕ್ಕೆ ಸಾಲುತ್ತಿತ್ತು, ಗೊಬ್ಬರಕ್ಕೆ ಸಾಲುತ್ತಿರಲಿಲ್ಲ. ನಮ್ಮ ಸಾಹೇಬರು ನಿಧಾನದ ಮನುಷ್ಯ. "ಒಂದ ವರ್ಷ ಮುಂದಕ್ಕ ಹಾಕೋಣೇನ್ರಿ?" ಅಂತ ಅವರೇ ಕೇಳಿದರು. ಬೇಡ ಅಂದವಳು ನಾನು. ಈ ತಳಿ ಇಷ್ಟು ಜೋರಾಗಿದೆ, ಬೀಜಕ್ಕೆ ಹಚ್ಚಿದರೆ ಸಾಕು ಅಂತ ವಾದ ಮಾಡಿ ಗೆದ್ದೆ.

ಜೂನ್ ಮೊದಲ ವಾರ ದೊಡ್ಡವ್ವನ ಮನೆಯ ಕಟ್ಟೆಯ ಮೇಲೆ ತರಬೇತಿ ಇಟ್ಟೆವು. ಇಪ್ಪತ್ತು ಮಂದಿ ಹೆಂಗಸರು ಬಂದಿದ್ದರು, ಅವರವರ ಬೀಜಕ್ಕೆಂದು ಒಬ್ಬೊಬ್ಬರಿಗೂ ಒಂದೊಂದು ಪ್ಯಾಕೆಟ್ ಪುಡಿ ಕೊಟ್ಟೆವು. ನನ್ನ ಕೈಯಲ್ಲಿ ಇಲಾಖೆಯ ಕರಪತ್ರವಿತ್ತು. ಪ್ರತಿ ಕಿಲೋ ಬೀಜಕ್ಕೆ ಇಷ್ಟು ಗ್ರಾಂ, ಬೆಲ್ಲದ ಅಂಟು ಇಷ್ಟು ಅಂತ ಓದುತ್ತಿದ್ದಂತೆ ಒಬ್ಬೊಬ್ಬರೇ ಆಕಳಿಸತೊಡಗಿದರು. ಕೂತವರು ತೂಕಡಿಸುವುದನ್ನು ನಾನು ಸಹಿಸುವವಳಲ್ಲ. ಕರಪತ್ರವನ್ನು ಮಡಚಿ ಬ್ಯಾಗಿಗೆ ಹಾಕಿದೆ.

"ಇರ್ರಿ, ಓದಾದು ಬ್ಯಾಡ. ಬ್ಯಾಳಿ ಮಾಡೂ ಮುಂದ ತೊಗರಿಗೆ ಕೆಮ್ಮಣ್ಣು ಹಚ್ಚತೀರಿಲ್ಲೋ?"

"ಹಚ್ಚತೀವಿ."

"ಹ್ಯಾಂಗ ಹಚ್ಚತೀರಿ?"

"ಮಣ್ಣು ಕಲಸಿ, ಕಾಳಿಗೆ ಸುರುವಿ, ಎಲ್ಲಾ ಕಾಳಿಗೂ ಹತ್ತೂ ಹಂಗ ಎರಡೂ ಕೈಲೆ ಹೊಳ್ಳಾಡಸ್ತೀವಿ."

"ಮುಗೀತು. ಬೆಲ್ಲದ ನೀರು ಚಿಮುಕಿಸಿ ಈ ಪುಡೀನ ಕೆಮ್ಮಣ್ಣು ಹಚ್ಚಿದಂಗ ಹಚ್ಚರಿ. ಮತ್ತೇನೂ ಇಲ್ಲ."

"ಇಷ್ಟ ಹೇಳಾಕ ರಾಯಚೂರಿಂದ ಬಂದಿಯೇನ್ ತಂಗಿ?" ಅಂದಳು ಒಬ್ಬಾಕೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಎಲ್ಲರೂ ಎಚ್ಚರಾಗಿದ್ದರು, ಎಲ್ಲರಿಗೂ ತಿಳಿದಿತ್ತು. ನನ್ನ ಅವ್ವ ಕವಿತಾಳದಲ್ಲಿ ಕಂಡವರ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದಳು, ಕಂಡವರ ತೊಗರಿಗೆ ಕೆಮ್ಮಣ್ಣು ಹಚ್ಚಿಕೊಡುತ್ತಿದ್ದಳು. ಆ ಕೆಲಸ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಓದಿದ ಸಾಹೇಬರಿಗೆ ಬಾರದ ಮಾತು ನನಗೆ ಬರುತ್ತದೆ ಅಂತ ಬಸ್ಸಿನಲ್ಲಿ ಬರುವಾಗ ಬೀಗಿದೆ.

ಹೊರಡುವ ಮುಂಚೆ ಇನ್ನೊಂದು ಮಾತಾಗಿತ್ತು. ದೊಡ್ಡವ್ವ ತಮ್ಮ ಬೀಜದಲ್ಲಿ ಅರ್ಧವನ್ನು ಎತ್ತಿಡುತ್ತೇನೆ ಅಂದರು. ಅದು ಅವರ ಪದ್ಧತಿ. ಮೊದಲ ಮಳೆಗೆ ಬಿತ್ತಿ, ಮಳೆ ಕೈಕೊಟ್ಟರೆ ಮತ್ತೆ ಬಿತ್ತಲು ಗಡಿಗೆಯಲ್ಲಿ ಅರ್ಧ ಇರಬೇಕು. ನಮ್ಮ ಪ್ರಾತ್ಯಕ್ಷಿಕೆಗೆ ಪೂರ್ತಿ ಒಂದು ಎಕರೆ ತುಂಬಬೇಕಿತ್ತು. ಅವರ ಬಳಿ ಇದ್ದದ್ದು ಸರಿಯಾಗಿ ಒಂದು ಎಕರೆಗೆ ಆಗುವಷ್ಟು.

"ಎಲ್ಲಾ ಹಾಕ್ರಿ ದೊಡ್ಡವ್ವ. ಅರ್ಧ ಎಕರೆ ನೋಡಿದ್ರ ಮಂದಿ ನಂಬಂಗಿಲ್ಲ. ಬರೂ ವರ್ಷ ಒಂದಕ್ಕ ನೂರು ಬೀಜ ಬರ್ತಾವ, ಊರಿಗೆಲ್ಲಾ ಹಂಚಾಕಂತ್ರಿ."

ಅವರು ಗಡಿಗೆಯ ಕಡೆ ನೋಡಿದರು. "ಒಂದ ಸೇರಾದ್ರೂ?" ಅಂದರು.

"ನಾ ಇದೀನಲ್ರಿ."

"ನೀ ಅಂದಮ್ಯಾಲೆ ಆತು ಬಿಡು."

ಬೀಜಕ್ಕೆ ಪುಡಿ ಹಚ್ಚುವ ದಿನ ನಾನು ಅಲ್ಲಿ ಇರಬೇಕಿತ್ತು. ಅದೇ ವಾರ ಗುಂಜಹಳ್ಳಿಯಲ್ಲಿ ಇನ್ನೊಂದು ತರಬೇತಿ ಬಂತು. ಅವರಿಗೆ ಎಲ್ಲ ತಿಳಿದಿದೆಯಲ್ಲ ಅಂತ ಫೋನಿನಲ್ಲಿ ಹಚ್ಚಿರಿ ಅಂದೆ. ಬಿತ್ತುವ ದಿನ ಮಾತ್ರ ಹೋದೆ. ಕೂರಿಗೆಗೆ ಅರಿಶಿನ ಕುಂಕುಮ ಹಚ್ಚಿ, ದೊಡ್ಡವ್ವ ಬೀಜವನ್ನು ಉಡಿಯಲ್ಲಿ ಕಟ್ಟಿಕೊಂಡು ಎತ್ತುಗಳ ಹಿಂದೆ ಬರಿಗಾಲಲ್ಲಿ ನಡೆದರು. ಉಡಿಯಿಂದ ಒಂದು ಹಿಡಿ ತೆಗೆದು ನನಗೆ ತೋರಿಸಿದರು. ಪುಡಿ ಎಲ್ಲ ಕಾಳಿಗೂ ಚೆನ್ನಾಗಿ ಹತ್ತಿತ್ತು. ಕಾಳು ಬೆಚ್ಚಗಿದ್ದವು. ಜೂನಿನ ರಾಯಚೂರು ಸೀಮೆಯಲ್ಲಿ ಬೆಚ್ಚಗಿರದ ವಸ್ತು ಯಾವುದಿದೆ ಅಂದುಕೊಂಡು ಫೋಟೋ ತೆಗೆದುಕೊಂಡೆ.

ಬೆಳೆ ಚೆನ್ನಾಗಿ ಎದ್ದಿತು. ಆಗಸ್ಟಿನಲ್ಲಿ ಫೋನು ಬಂತು. "ಮಗಳ, ಮೂರ್ನಾಕು ಗಿಡ ಎಲಿ ಬಾಡ್ಯಾವು. ಬಿಸಿಲಿಗೆ ಇರಬೇಕು ಬಿಡು. ಆದ್ರೂ ಒಮ್ಮೆ ಬಾ."

ಹೋಗಿ ನೋಡುವಾಗ ಮೂರು ನಾಲ್ಕಲ್ಲ, ಸಾಲು ಸಾಲಾಗಿ ಸಾಯತೊಡಗಿದ್ದವು. ಒಂದನ್ನು ಕಿತ್ತು ಸೀಳಿದೆ. ಒಳಗೆ ಅದೇ ಕಪ್ಪು ಗೆರೆ. ಹೋಲಿಸಿ ನೋಡಲೆಂದು ಪಕ್ಕದಲ್ಲಿ ಪುಡಿ ಹಚ್ಚದೆ ಬಿತ್ತಿಸಿದ್ದ ಪ್ಯಾಕೆಟ್ ಬೀಜದ ಹೊಲದಲ್ಲಿ ಎಷ್ಟು ಸತ್ತಿದ್ದವೋ ಇಲ್ಲೂ ಅಷ್ಟೇ. ನಮ್ಮ ಬೂಷ್ಟು ಇಲ್ಲವೇ ಇಲ್ಲ ಅನ್ನುವಂತೆ. ಪುಡಿಯಲ್ಲೇ ದೋಷವಿರಬಹುದೇ, ಬೀಜದ ಮೇಲೆ ಅದು ಬದುಕಿಲ್ಲವೇ ಅಂತ ತಿಳಿಯಲು ಹಚ್ಚಿದ ಕಾಳು ಬೇಕಿತ್ತು. ಬಿತ್ತುವ ದಿನ ಉಟ್ಟಿದ್ದ ಸೀರೆಯನ್ನು ದೊಡ್ಡವ್ವ ಹುಡುಕಿ ತಂದರು. ಮಡಿಸಿಟ್ಟಿದ್ದ ಸೆರಗಿನ ಮೂಲೆಯ ಗಂಟಿನಲ್ಲಿ ಏಳು ಕಾಳು ಉಳಿದಿದ್ದವು. ಏಳನ್ನೂ ಕಾಗದದಲ್ಲಿ ಕಟ್ಟಿಕೊಂಡು ಬಂದೆ.

ಬೇರೆ ಕ್ರಿಮಿ ಬೆಳೆಯದಂತೆ ಔಷಧ ಬೆರೆಸಿದ ಮಾಧ್ಯಮದ ತಟ್ಟೆಯಲ್ಲಿ ಆ ಏಳು ಕಾಳುಗಳನ್ನು ದುಂಡಗೆ ಜೋಡಿಸಿದೆ. ಪಕ್ಕದ ತಟ್ಟೆಗೆ ಅದೇ ಪ್ಯಾಕೆಟ್ಟಿನ ಉಳಿದ ಪುಡಿ ಹಾಕಿದೆ. ಐದನೇ ದಿನ ಪುಡಿಯ ತಟ್ಟೆ ಹಸಿರೇ ಹಸಿರು. ಕಾಳಿನ ತಟ್ಟೆಯಲ್ಲಿ ಹಸಿರು ಒಂದು ಚುಕ್ಕೆಯೂ ಇರಲಿಲ್ಲ. ಪುಡಿ ಜೀವಂತವಿತ್ತು, ಬೀಜಕ್ಕೆ ಹಚ್ಚಿದ ಮೇಲೆ ಎಲ್ಲೋ ಸತ್ತಿತ್ತು. ಫಲಿತಾಂಶವನ್ನು ಪುಸ್ತಕದಲ್ಲಿ ಬರೆದೆ. ಕೆಲಸ ಮುಗಿದ ತಟ್ಟೆಗಳನ್ನು ಆಟೋಕ್ಲೇವಿಗೆ ಹಾಕಿ ಕೊಲ್ಲಬೇಕು ಅನ್ನುವುದು ನಿಯಮ. ಈ ಸಲ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ, ಪೂರ್ತಿ ಹೊತ್ತು ಇಟ್ಟೆ.

ಮರುದಿನ ಮತ್ತೆ ದೇವದುರ್ಗದ ಬಸ್ಸು ಹಿಡಿದೆ. ಪುಡಿ ಹಚ್ಚಿದ ದಿನದಿಂದ ಬಿತ್ತುವ ತನಕ ಏನೇನು ಮಾಡಿದಿರಿ, ಒಂದೂ ಬಿಡದೆ ಹೇಳಿ ಅಂದೆ. ದೊಡ್ಡವ್ವ ಬೆರಳು ಮಡಚುತ್ತ ಹೇಳಿದರು. ಬೆಲ್ಲ ಕಾಯಿಸಿ ಆರಿಸಿದರು. ಕಾಳಿಗೆ ಚಿಮುಕಿಸಿದರು. ಪುಡಿ ಹಾಕಿ ಹೊಳ್ಳಾಡಿಸಿದರು.

"ಆಮ್ಯಾಲೆ?"

"ಆಮ್ಯಾಲೇನು, ಮಾಳಿಗಿ ಮ್ಯಾಲೆ ಒಣಾ ಹಾಕಿದ್ವಿ."

"ಬಿಸಿಲಿಗೇನ್ರಿ?"

"ಬಿಸಿಲಿಗಲ್ದ ಮತ್ತ? ಕೆಮ್ಮಣ್ಣು ಹಚ್ಚಿದ ತೊಗರಿ ಮೂರ ದಿನ ಬಿಸಿಲು ಉಣ್ಣಬೇಕು. ಉಳಿದಾವ್ರು ಮೂರ ದಿನ ಹಾಕಿದ್ರು. ನಾ ನಾಕ ದಿನ ಹಾಕೀನಿ. ನೀ ಕೊಟ್ಟ ಔಷಧ, ಛಲೋ ಹಿಡೀಲಿ ಅಂತ."

ಬೇಳೆ ಮಾಡುವವರೆಲ್ಲರಿಗೂ ಗೊತ್ತಿರುವ ಸಂಗತಿ ಅದು. ನೆನೆದ ತೊಗರಿಗೆ ಕೆಮ್ಮಣ್ಣು ಹಚ್ಚಿ, ಮೂರು ದಿನ ಸುಡುಬಿಸಿಲಿಗೆ ಹಾಕಿದರೇನೇ ಸಿಪ್ಪೆ ಬಿಟ್ಟು ಬೀಸುಕಲ್ಲಿನಲ್ಲಿ ಸರಿಯಾಗಿ ಒಡೆಯುತ್ತದೆ. ಹಚ್ಚುವುದು ಅಂದರೆ ಒಣಗಿಸುವುದೂ ಅದರಲ್ಲೇ ಸೇರಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯವೂ ಇರುವುದಿಲ್ಲ. ನನ್ನ ಅವ್ವ ಮಾಳಿಗೆಯ ಮೇಲೆ ತೊಗರಿ ಹರಡುವುದನ್ನು ನಾನು ಎಷ್ಟು ಸಲ ನೋಡಿಲ್ಲ! ನಮ್ಮ ಬೂಷ್ಟಿಗೆ ನೇರ ಬಿಸಿಲೇ ಆಗಿಬರುವುದಿಲ್ಲ. ಅರ್ಧ ಗಂಟೆ ನೆರಳಿನಲ್ಲಿ ಆರಿಸಿ, ಬಿತ್ತುವ ತನಕ ತಂಪಿನಲ್ಲೇ ಇಡಬೇಕು. ಕರಪತ್ರದಲ್ಲಿ ಆ ಸಾಲು ಇತ್ತು. ನಾನು ಮಡಚಿದ ಪುಟದಲ್ಲಿ, ಮೇಲಿನಿಂದ ಐದನೆಯದು.

ಹೇಳದೇ ಬೇರೆ ದಾರಿಯಿರಲಿಲ್ಲ, ಹೇಳಿದೆ. ಬಿಸಿಲಿಗೆ ಅದು ಸಾಯುತ್ತದೆ, ತಪ್ಪು ನನ್ನದು ಅಂದೆ.

ದೊಡ್ಡವ್ವ ತಮ್ಮ ಅಂಗೈ ನೋಡಿಕೊಂಡರು. "ನಾ ಒಂದ ದಿನ ಹೆಚ್ಚಿಗಿ ಹಾಕಿದ್ನಲ್ಲ ಮಗಳ," ಅಂದರು.

"ಮೂರ ದಿನಕ್ಕ ಸತ್ತಿತ್ತು ದೊಡ್ಡವ್ವ. ಒಂದ ದಿನಕ್ಕ ಸತ್ತಿತ್ತು. ನಿಮ್ಮಿಂದ ಏನೂ ಆಗಿಲ್ಲ." ಅವರಿಗೆ ನಾನು ಹೇಳಿದ್ದು ಪೂರ್ತಿ ನಂಬಿಕೆಯಾಗಲಿಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ನನಗೆ ಅದೇ ಹೆಚ್ಚು ಸಂಕಟವಾಯಿತು.

ರಾಯಚೂರಿಗೆ ಬಂದು ಸಾಹೇಬರ ಮುಂದೆ ನಿಂತೆ. ಅವರು ಕೆಟ್ಟವರಲ್ಲ, ನನ್ನನ್ನು ಉಳಿಸಲು ನೋಡಿದರು. "ಕರಪತ್ರದಾಗ ನೆರಳು ಅಂತ ಅದ. ರೈತರು ಸೂಚನೆ ಪಾಲಿಸಿಲ್ಲ ಅಂತ ಬರೀರಿ. ಅದು ಸುಳ್ಳೂ ಅಲ್ಲ."

ಸುಳ್ಳಲ್ಲ, ನಿಜ. ಕರಪತ್ರ ನಮ್ಮ ಪ್ಯಾಕೆಟ್ಟಿನ ಜೊತೆ ಎಲ್ಲರ ಮನೆಗೂ ಹೋಗಿತ್ತು. ಓದು ಬಾರದ ಹೆಂಗಸರ ಮನೆಯಲ್ಲಿ ಅದು ಗೋಡೆಯ ಗೂಡಿನಲ್ಲಿ ಕೂತಿತ್ತು. ಅಂದು ಸಂಜೆಯ ತನಕ ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತೆ. ಹಾಗೆ ಬರೆದರೆ ಮುಂದೆ ಯಾವ ಊರಿಗೆ ಹೋದರೂ ಕಟ್ಟೆಯ ಮೇಲೆ ಕೂತವರ ಕಣ್ಣು ನೋಡಿ ಮಾತಾಡಲು ನನ್ನಿಂದ ಆಗುತ್ತಿರಲಿಲ್ಲ. ವರದಿಯಲ್ಲಿ "ತರಬೇತಿ ನೀಡಿದವರು ನೆರಳಿನಲ್ಲಿ ಒಣಗಿಸುವ ಸೂಚನೆಯನ್ನು ಹೇಳಿಲ್ಲ. ತಪ್ಪು ಹೋಲಿಕೆ ಕೊಟ್ಟಿದ್ದಾರೆ" ಅಂತ ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಸಾಹೇಬರು ಓದಿ, ಕನ್ನಡಕ ತೆಗೆದಿಟ್ಟು, ಸಹಿ ಮಾಡಿದರು.

ಆಮೇಲಿನ ಎರಡು ತಿಂಗಳು ಹೊಲ ಉಳಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಹೊಸದಾಗಿ ಬೆಳೆಸಿದ ಬೂಷ್ಟನ್ನು ಜೋಳದ ಸಮೇತ ನೀರಿನಲ್ಲಿ ಕಲಸಿ, ಸೋಸಿ, ಕೊಡಗಳಲ್ಲಿ ಹೊತ್ತು, ಬದುಕಿದ್ದ ಒಂದೊಂದು ಗಿಡದ ಬುಡಕ್ಕೂ ಸುರಿದೆವು. ದೊಡ್ಡವ್ವ, ಅವರ ಸೊಸೆ, ನಾನು. ಮಗ ಮೆಣಸಿನಕಾಯಿ ಕೆಲಸ ಬಿಟ್ಟು ಬಂದು ನೀರು ಹೊತ್ತ. ಬೇರಿನೊಳಗೆ ಒಮ್ಮೆ ಹೊಕ್ಕ ರೋಗವನ್ನು ಹೊರಗಿನಿಂದ ಸುರಿದದ್ದು ಹಿಡಿಯಲಾರದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುರಿದೆ. ಹೂವಾಡುವ ಹೊತ್ತಿಗೆ ನೂರರಷ್ಟು ಗಿಡ ನಿಂತಿದ್ದವು. ಕಾಯಿ ಕಟ್ಟುವ ಹೊತ್ತಿಗೆ ಅವೂ ಬಾಗಿದವು. ಕೊನೆಯ ಗಿಡಗಳ ಕಾಯಿ ಬಿಡಿಸಿ ನೋಡಿದರೆ ಒಳಗೆ ಉಗುರಿನಂತೆ ಚಪ್ಪಟೆಯಾದ ಜೊಳ್ಳು. ಒಂದು ಹಿಡಿ ಜೊಳ್ಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಹತ್ತು ದಿನ ಕಾದೆ. ಒಂದೂ ಮೊಳೆಯಲಿಲ್ಲ, ಕೊಳೆತು ನಾರಿತು.

ಆಗ ಬೀಜ ಹುಡುಕಲು ಹೊರಟೆ. ದೊಡ್ಡವ್ವನ ಮಗಳನ್ನು ಮಾನ್ವಿ ತಾಲೂಕಿನ ಬಾಗಲವಾಡಕ್ಕೆ ಕೊಟ್ಟಿದ್ದರು. ಅವಳ ಉಡಿಯಲ್ಲೂ ಈ ಬೀಜ ಹೋಗಿತ್ತು. ಒಂದು ಭಾನುವಾರ ಅಲ್ಲಿಗೆ ಹೋದೆ. ಊರ ಸುತ್ತ ಕಾಲುವೆಯ ನೀರು, ಕಣ್ಣು ಹಾಯುವ ತನಕ ಭತ್ತ.

"ಆ ತೊಗರಿ ಏನ್ರಿ? ನೀರು ಬಂದ ಮ್ಯಾಲೆ ಇಲ್ಲಿ ತೊಗರಿ ಯಾರು ಹಾಕ್ತಾರ? ಬಿತ್ತಾಕ ಜಾಗ ಇಲ್ಲಂತ ಕಡಿಗೆ ಉಳಿದಿದ್ದು ಬ್ಯಾಳಿ ಮಾಡಿ ಉಂಡ್ವಿ," ಅಂದಳು ಮಗಳು. ಹೇಳುತ್ತಲೇ ನನ್ನ ಮುಖ ನೋಡಿ, "ಯಾಕ್ರಿ, ಅವ್ವನ ಹತ್ರ ಅದಲ್ಲ?" ಅಂದಳು.

ಕವಿತಾಳದ ಸಂತೆಯಲ್ಲಿ ಕಾಳು ಮಾರುವವರ ಚೀಲಗಳಲ್ಲೆಲ್ಲ ಕೈಯಾಡಿಸಿದೆ. ಬಿಳಿ ತೊಗರಿ ಇತ್ತು, ಕೆಂಪು ಗೆರೆ ಇರಲಿಲ್ಲ. ಹಳೆಯ ತಳಿಗಳನ್ನು ಕಾಪಿಡುವ ಬೀಜ ಭಂಡಾರದಲ್ಲೂ ವಿಚಾರಿಸಿದೆ. ಅಂಥದ್ದು ನಮ್ಮಲ್ಲಿಲ್ಲ, ನಿಮ್ಮಲ್ಲಿದ್ದರೆ ಒಂದಿಷ್ಟು ಕಾಳು ಕಳಿಸಿ, ನಾಲ್ಕೈದು ಬೀಜ ಇದ್ದರೂ ಸಾಕು, ನಾವು ಬೆಳೆಸಿಕೊಳ್ಳುತ್ತೇವೆ ಅಂದರು ಫೋನಿನಲ್ಲಿ.

ನಾಲ್ಕೈದು ಬೀಜ. ಫೋನು ಇಟ್ಟ ಮೇಲೆ ಆ ತಟ್ಟೆ ಕಣ್ಣ ಮುಂದೆ ಬಂತು. ಐದನೇ ದಿನ ನಾನು ಅದರಲ್ಲಿ ಹಸಿರು ಬೂಷ್ಟನ್ನಷ್ಟೇ ಹುಡುಕಿದ್ದೆ. ಏಳು ಕಾಳುಗಳ ಕೆಂಪು ಗೆರೆಯ ಬದಿಯಿಂದ ಏಳು ಬಿಳಿ ಮೊಳಕೆ ಹೊರಟಿದ್ದವು. ಎರಡರ ತುದಿ ಮಾಧ್ಯಮದೊಳಗೆ ಇಳಿಯಲು ಬಾಗಿತ್ತು. ನೋಡಿದ್ದೆ, ನೋಡಿ ಪುಸ್ತಕದಲ್ಲಿ "ಬೀಜ ಮೊಳಕೆ ಸಹಜ" ಅಂತ ಬರೆದೂ ಇದ್ದೆ. ಒಂದು ಕುಂಡದಲ್ಲಿ ಊರಿದ್ದರೆ ಇಷ್ಟು ಹೊತ್ತಿಗೆ ಗಿಡವಾಗಿ ಕಾಯಿ ಕಟ್ಟುತ್ತಿದ್ದವು. ನಾನೇ ಕೈಯಾರೆ ಎತ್ತಿ ಆಟೋಕ್ಲೇವಿಗೆ ಹಾಕಿದ್ದೆ. ಪ್ರಯೋಗಾಲಯದ ಸಿಂಕಿನ ಮುಂದೆ ನಲ್ಲಿ ಬಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಜನವರಿಯ ಒಂದು ಬೆಳಿಗ್ಗೆ ದೊಡ್ಡವ್ವನ ಮನೆಗೆ ಹೋದೆ. ಅವರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. "ಒಳಗ ಬಾ, ಇಲ್ಲೇ ಕುಂದ್ರು," ಅಂತ ಮಣೆ ಸರಿಸಿದರು. ಬಾಗಲವಾಡದಲ್ಲಿ ಸಿಗಲಿಲ್ಲ ಅಂದೆ. ಮಗಳು ಫೋನು ಮಾಡಿ ಹೇಳಿದ್ದಳಂತೆ. ಕವಿತಾಳದಲ್ಲೂ ಇಲ್ಲ ಅಂದೆ. "ಎಲ್ಲಿರ್ತದ ಬಿಡು," ಅಂದರು. ಆಮೇಲೆ ಏಳು ಕಾಳಿನ ವಿಷಯ ಹೇಳಿದೆ. ಅವರಿಗೆ ತಾನಾಗಿ ತಿಳಿಯುವಂಥದ್ದಲ್ಲ ಅದು. ನಾನು ಸುಮ್ಮನಿದ್ದರೆ ಸುಮ್ಮನೇ ಇರುತ್ತಿತ್ತು.

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವುದನ್ನು ಮರೆತು ಅವರು ನನ್ನನ್ನೇ ನೋಡಿದರು.

"ಏಳೂ ಮೊಳತಿದ್ವೇನು?"

"ಏಳೂ ದೊಡ್ಡವ್ವ."

"ಅಷ್ಟು ಬಿಸಿಲು ಉಂಡೂ?"

"ಹೂಂ."

ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಹೊಲ ಸತ್ತಾಗ ಅಳದವರು. ನನ್ನನ್ನು ಬೈಯಲಿ ಅಂತ ಕಾದೆ, ಬೈಯಲಿಲ್ಲ. ಸೀದ ರೊಟ್ಟಿಯನ್ನು ತೆಗೆದು ಬದಿಗಿಟ್ಟು, ಕಣ್ಣೊರೆಸಿಕೊಂಡು, ಒಲೆಯ ಹಿಂದಿನಿಂದ ಒಂದು ಸಣ್ಣ ಪಾತ್ರೆ ಎಳೆದು ಮುಚ್ಚಳ ತೆಗೆದರು. ತಾಟಿಗೆ ಒಂದು ಬಿಸಿ ರೊಟ್ಟಿ ಹಾಕಿ ಪಕ್ಕದಲ್ಲಿ ಬೇಳೆ ಬಡಿಸಿದರು.

"ಇದು ಅದರದ್ದ ಬ್ಯಾಳಿ. ಹೋದ ಬ್ಯಾಸಗ್ಯಾಗ ಒಡದಿದ್ದೆ. ಡಬ್ಬಿ ತಳದಾಗ ಇಷ್ಟ ಉಳಿದಿತ್ತು. ಒಡದ ಮ್ಯಾಲೆ ಮೊಳಿಯಂಗಿಲ್ಲಲ್ಲ, ಇಟ್ಟು ಏನು ಮಾಡೂದು. ನೀ ಬರ್ತೀನಿ ಅಂದಿದ್ದಕ್ಕ ಇವತ್ತ ಕುದಿಸೀನಿ."

ತುತ್ತು ಎತ್ತಲು ನನ್ನಿಂದ ಆಗಲಿಲ್ಲ. ನನಗೆ ಬೇಡ, ನೀವು ಉಣ್ಣಿರಿ, ಮೊಮ್ಮಕ್ಕಳಿಗೆ ಹಾಕಿರಿ ಅಂದೆ.

"ಅವು ಹುಟ್ಟಿದಾಗಿಂದ ಉಂಡಾವ. ನಾನೂ ಉಂಡೀನಿ. ಹೊರಗಿನಾವ್ರು ಒಬ್ಬರಾದ್ರೂ ಉಣ್ಣಬೇಕು ಮಗಳ. ನಾಳಿ ಯಾರರ ಕೇಳಿದ್ರ, ಹ್ಯಾಂಗಿತ್ತು ಅಂತ ಹೇಳಾಕ. ಉಣ್ಣು, ತಣ್ಣಗಾಗ್ತದ."

ಉಂಡೆ. ಹಾಲಿನಲ್ಲಿ ಬೇಯಿಸಿದ ಹಾಗೆ ಮೆತ್ತಗಿತ್ತು, ಉಪ್ಪು ಬಿಟ್ಟರೆ ಬೇರೇನೂ ಹಾಕಿರಲಿಲ್ಲ, ಕೊನೆಗೆ ನಾಲಿಗೆಯ ಮೇಲೆ ಸಣ್ಣಗೆ ಸಿಹಿ ನಿಲ್ಲುತ್ತಿತ್ತು. ಅವರು ಸೌಟು ಹಿಡಿದು ನನ್ನ ತಾಟನ್ನೇ ನೋಡುತ್ತ ಕೂತಿದ್ದರು.

"ಇನ್ನೊಂದೀಟು ಹಾಕ್ಲೇನು?"

"ಹಾಕ್ರಿ," ಅಂದೆ.

ಪಾತ್ರೆಯ ತಳವನ್ನು ಸೌಟಿನಿಂದ ಗೀರಿ ಗೀರಿ, ಇದ್ದಷ್ಟನ್ನೂ ನನ್ನ ತಾಟಿಗೆ ಹಾಕಿದರು.